ಜಿಪ್ಪತ್ತೆ ಕೊಂಡ ಬೆಳ್ಳಿಗಟ್ಟಿ

ಜಿಪ್ಪತ್ತೆ ಎಂದು ಹೆಸರಿಟ್ಟವನು ಅಣ್ಣನ ಮಗ. ಆಗ ಅವನಿಗಿನ್ನೂ ಸರಿಯಾಗಿ ಮಾತು ಬಾರದು. ಯಾವಾಗ ನೋಡಿದರೂ ಅತ್ತೆ ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತಲೋ ಹೊಸದನ್ನು ಕೂರಿಸುತ್ತಲೋ ಇರುತ್ತಿದ್ದಳು. ಈಗ ಅವನಿಗೆ ಮೀಸೆ ಬಂದಿದೆ. ಹೆಸರು ಹಾಗೇ ಉಳಿದಿದೆ. ಗಿರಾಕಿಗಳೂ ಮೆಟ್ಟಿಲ ಕೆಳಗಿನಿಂದ "ಜಿಪ್ಪತ್ತೆ ಇದಾರಾ?" ಎಂದೇ ಕೂಗುತ್ತಾರೆ. ಅವಳಿಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ತಾಯಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಒಬ್ಬರು ಬೇಕಿತ್ತು, ತಾಯಿ ಹೋದ ಮೇಲೆ ಅತ್ತಿಗೆಯ ಹೆರಿಗೆಗೆ ಒಬ್ಬರು ಬೇಕಿತ್ತು, ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಣ್ಣನ ಮನೆ ಎರಡನೆಯ ಮಹಡಿಯಲ್ಲಿದೆ. ಹೊಲಿಗೆ ಯಂತ್ರ ಇರುವುದು ಅಡುಗೆಮನೆಗೆ ಹೋಗುವ ಇಕ್ಕಟ್ಟು ದಾರಿಯಲ್ಲಿ, ಕಿಟಕಿಯ ಪಕ್ಕ. ಅವಳ ಹಾಸಿಗೆ ಹಗಲೆಲ್ಲ ಸುರುಳಿಯಾಗಿ ಅದರ ಹಿಂದೆ ನಿಂತಿರುತ್ತದೆ. ಅಡುಗೆ, ಪಾತ್ರೆ, ನೆಲ, ಒಗೆಯುವ ಬಟ್ಟೆ ಮುಗಿದ ಮೇಲೆ ಅವಳು ಯಂತ್ರದ ಮುಂದೆ ಕೂರುತ್ತಾಳೆ. "ಪಾಪ, ಅವಳ ಪಾಡಿಗೆ ಅವಳು ಏನೋ ಹೊಲ್ಕೊಂಡಿರ್ತಾಳೆ" ಎಂದು ಅತ್ತಿಗೆ ನೆಂಟರಿಗೆ ಹೇಳುವಾಗ, ನೆಂಟರ ಕೈಯಲ್ಲಿರುವ ಚಹಾ ಮಾಡಿದವರು ಯಾರು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಮನೆಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಇಲ್ಲ ಅನ್ನುವುದು ಸುಲಭವಾಗುತ್ತಿತ್ತು. ಹಿಂದೆ ಅವಳು ಕೂಡಿಟ್ಟದ್ದು ಒಮ್ಮೆ ಫ್ರಿಜ್ಜಾಯಿತು, ಇನ್ನೊಮ್ಮೆ ಅಣ್ಣನ ಸ್ಕೂಟರಿನ ರಿಪೇರಿಯಾಯಿತು, ಮತ್ತೊಮ್ಮೆ ಅಣ್ಣನ ಮಗಳ ಕಾಲೇಜು ಫೀಸಾಯಿತು. ಯಾರೂ ಕಿತ್ತುಕೊಳ್ಳಲಿಲ್ಲ. ಯಂತ್ರದ ಪಕ್ಕ ಬಂದು ನಿಂತು ನಿಟ್ಟುಸಿರು ಬಿಟ್ಟರು, ಅಷ್ಟೆ. ಅವಳೇ ತೆಗೆದು ಕೊಟ್ಟಳು. ಬ್ಯಾಂಕಿನ ಖಾತೆಯಲ್ಲಿ ಅಣ್ಣನ ಹೆಸರೂ ಇತ್ತು, ಅನುಕೂಲಕ್ಕೆ ಅಂತ.

ಈ ಸಲ ಕಾರ್ಖಾನೆಯೊಂದರ ಸಮವಸ್ತ್ರದ ಪ್ಯಾಂಟುಗಳ ಕಾಲಂಚು ಮಡಿಸಿ ಹೊಲಿಯುವ ದೊಡ್ಡ ಕೆಲಸ ಸಿಕ್ಕಿತ್ತು. ಸೂಜಿಯ ಕಣ್ಣು ಆಗಲೇ ಎರಡೆರಡಾಗಿ ಕಾಣುತ್ತಿತ್ತು. ಇಷ್ಟು ದುಡ್ಡಿನ ಗಂಟು ಇನ್ನೊಮ್ಮೆ ಕೈಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ದುಡಿಯಲಾಗದ ದಿನ ಬಂದಾಗ ಯಾರ ಮುಂದೆಯೂ ಕೈಚಾಚಬಾರದು, ಅದಕ್ಕೆ ತನ್ನದು ಅನ್ನುವುದು ಒಂದು ಇರಬೇಕು. ಚಿನ್ನದ ಕಡೆ ತಿರುಗಿ ನೋಡುವ ಹಾಗಿರಲಿಲ್ಲ. ಬೆಳ್ಳಿ ಎಂದುಕೊಂಡಳು.

ಬೆಳ್ಳಿ ಅಂಗಡಿ ಪೇಟೆಯ ಕೊನೆಯಲ್ಲಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೆಂಗಸು ಅವಳ ವಯಸ್ಸಿನವಳೇ. ಗಂಡ ಸತ್ತ ಮೇಲೆ ತಾನೇ ತಕ್ಕಡಿ ಹಿಡಿದವಳು. ಮಧ್ಯಾಹ್ನದ ಹೊತ್ತು, ಬೇರೆ ಗಿರಾಕಿಗಳಿರಲಿಲ್ಲ.

"ತಟ್ಟೆ ತೋರಿಸ್ಲಾ ಅಕ್ಕಾ, ಲೋಟಾನಾ?"

"ಮುಂದೆ ಮಾರೋಕೆ ಯಾವುದು ಒಳ್ಳೇದು, ಅದು ಕೊಡಿ."

ಅಂಗಡಿಯಾಕೆ ಕನ್ನಡಕದ ಮೇಲಿಂದ ನೋಡಿದಳು. "ಹಾಗಾದ್ರೆ ತಟ್ಟೆ ಬೇಡ. ಮಜೂರಿ ಜಾಸ್ತಿ, ಮಾರೋವಾಗ ಆ ಮಜೂರಿ ವಾಪಸ್ ಬರಲ್ಲ. ಬೆಸುಗೆ ಅಂತ ಒಂದಿಷ್ಟು ಕಳೀತಾರೆ."

"ಮೇಲಾಗಿ ಅದನ್ನ ತಿಕ್ಕೋಳೂ ನಾನೇ."

"ಅದು ಹೇಳಿ ಮತ್ತೆ. ಸರ, ಬಳೆ?"

"ನಮ್ಮನೇಲಿ ಒಬ್ಬಳು ಹುಡುಗಿ ಇದಾಳೆ. ಒಂದು ದಿನ ಹಾಕ್ಕೊಂಡು ಕೊಡ್ತೀನಿ ಅತ್ತೆ ಅಂತಾಳೆ."

"ಕೊಡಲ್ವಾ?"

"ಇಸ್ಕೊಳ್ಳೋಕೆ ನನಗೆ ಬಾಯಿ ಬರಲ್ಲ."

ಅಂಗಡಿಯಾಕೆ ನಗುತ್ತ ನಾಣ್ಯಗಳ ಡಬ್ಬಿ ತೆರೆದಳು. ಬೇಡಿಕೆ ಇರುವುದು ಇದಕ್ಕೇ ಎಂದಳು. ಚಿಕ್ಕ ಖರ್ಚು ಬಂದರೆ ಒಂದು ಮಾರಬಹುದು, ಉಳಿದದ್ದು ಉಳಿಯುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಮಜೂರಿ ಬೀಳುತ್ತದೆ ಅನ್ನುವುದೊಂದು ಬಿಟ್ಟರೆ ಬಡವರಿಗೆ ಹೇಳಿ ಮಾಡಿಸಿದ್ದು. ಜಿಪ್ಪತ್ತೆ ಒಂದು ನಾಣ್ಯವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಒಂದು ಗ್ಯಾಸ್ ಸಿಲಿಂಡರಿಗೆ ಒಂದು. ಚಪ್ಪಲಿಗೆ ಒಂದು. ನಿಟ್ಟುಸಿರಿಗೊಂದರಂತೆ ಡಬ್ಬಿ ಬರಿದಾಗುವುದು ಕಣ್ಣಿಗೆ ಕಟ್ಟಿತು. ನಾಣ್ಯವನ್ನು ತಿರುಗಿ ಡಬ್ಬಿಗೆ ಹಾಕಿದಳು.

"ಬಿಡಿಬಿಡಿಯಾಗಿ ಕೊಡೋಕಾಗದಂಥದ್ದು ಏನಿದೆ?"

ಆಗ ಹೊರಬಂದದ್ದು ಗಟ್ಟಿ. ಅರ್ಧ ಕಿಲೋ, ಸೋಪಿನ ಬಿಲ್ಲೆಯಷ್ಟು ದೊಡ್ಡದು, ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಸೀಲು ಹಾಕಿದ್ದು. ಶುದ್ಧ ಬೆಳ್ಳಿ, ಮಜೂರಿ ಎಲ್ಲಕ್ಕಿಂತ ಕಡಿಮೆ. "ಆದ್ರೆ ಮಾರಿದ್ರೆ ಇಡಿಯಾಗೇ ಮಾರ್ಬೇಕು ನೋಡಿ. ಮೂಲೆ ಮುರಿದು ಕೊಡ್ತೀನಿ ಅಂದ್ರೆ ಆಗಲ್ಲ. ಸೀಲು ಮಾತ್ರ ಬಿಚ್ಚಬೇಡಿ."

"ಇಡಿಯಾಗೇ ಇರ್ಲಿ" ಎಂದಳು ಜಿಪ್ಪತ್ತೆ.

ಮನೆಗೆ ತಂದ ಮೇಲೆ ಇಡುವುದೆಲ್ಲಿ ಎಂಬ ಯೋಚನೆ ಹತ್ತಿತು. ಆ ಮನೆಯ ಪ್ರತಿಯೊಂದು ಕಪಾಟನ್ನೂ ಒರೆಸುವವಳು ಅವಳು, ಅವಳದು ಅನ್ನುವ ಕಪಾಟು ಒಂದೂ ಇರಲಿಲ್ಲ. ಯಂತ್ರದ ಡ್ರಾಯರಿಗೆ ಕತ್ತರಿ ಹುಡುಕಿಕೊಂಡು ಎಲ್ಲರೂ ಕೈಹಾಕುತ್ತಾರೆ. ಕೊನೆಗೆ ಸಿಂಕಿನ ಕೆಳಗಿನ ಬಾಗಿಲು ತೆರೆದಳು. ಒಳಗೆ ನೆಲ ಒರೆಸುವ ಹಳೆ ಬಟ್ಟೆಗಳ ಡಬ್ಬ, ತಿಕ್ಕುವ ಪುಡಿ, ಕೊಳವೆ ಕಟ್ಟಿದರೆ ಚುಚ್ಚುವ ತಂತಿ. ಅಲ್ಲಿಗೆ ಬೇರೊಬ್ಬರ ಕೈ ಹೋದದ್ದನ್ನು ಅವಳು ಕಂಡಿರಲಿಲ್ಲ. ಗಟ್ಟಿಯನ್ನು ಬಟ್ಟೆಗಳ ತಳದಲ್ಲಿಟ್ಟಳು.

ದಿನಾ ಕೆಲಸ ಮುಗಿದ ಮೇಲೆ ಒಮ್ಮೆ ಮುಟ್ಟಿ ನೋಡುತ್ತಿದ್ದಳು. ಯಾರಿಗಾದರೂ ಹೇಳಬೇಕೆನ್ನಿಸುತ್ತಿತ್ತು. ಹೇಳಿದರೆ ಅದು ಮನೆಯದಾಗುತ್ತದೆ ಎಂದು ನುಂಗಿಕೊಳ್ಳುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಒಂದು ದಿನ ಪ್ಲಾಸ್ಟಿಕ್ಕಿನ ಒಳಗೆ ಬೆಳ್ಳಿಯ ಮೇಲೊಂದು ಮಂಕು ಹಳದಿ ಕಲೆ ಕಂಡಿತು. ಸಿಂಕಿನ ಕೆಳಗಿನ ತೇವ ಹೇಗೋ ಒಳಹೊಕ್ಕಿತ್ತು. ಹೊರಗಿನಿಂದ ಒರೆಸಿದಳು, ಹೋಗಲಿಲ್ಲ. ಮಂಕಾದದ್ದನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲದ ಕೈ ಅದು. ಕತ್ತರಿ ತಂದು ಅಂಚು ಕತ್ತರಿಸಿ, ಸೋಡಾಪುಡಿ ಹಚ್ಚಿ ಗಸಗಸ ತಿಕ್ಕಿ ತೊಳೆದಳು. ಗಟ್ಟಿ ಫಳಫಳ ಹೊಳೆಯಿತು. ಆಗ ಕಣ್ಣಿಗೆ ಬಿದ್ದದ್ದು ಸಿಂಕಿನಲ್ಲಿ ಎರಡು ತುಂಡಾಗಿ ಬಿದ್ದಿದ್ದ ಸೀಲು.

"ಅಯ್ಯೋ ಅಕ್ಕಾ, ಇದನ್ನೂ ತಿಕ್ಕಿದ್ರಾ?" ಅಂಗಡಿಯಾಕೆ ಹಣೆ ಹಿಡಿದುಕೊಂಡು ನಕ್ಕಳು. ಜಿಪ್ಪತ್ತೆ ನಗದಿದ್ದುದನ್ನು ಕಂಡು ನಗು ನಿಲ್ಲಿಸಿದಳು. ಬೆಳ್ಳಿ ಎಲ್ಲಿಗೂ ಹೋಗಿಲ್ಲ, ಮಾರುವಾಗ ಒರೆಗೆ ಹಚ್ಚಿ ನೋಡುತ್ತಾರೆ, ರೇಟು ಸ್ವಲ್ಪ ಇಳಿಸಿ ಕೇಳುತ್ತಾರೆ, ಅಷ್ಟೆ. "ಈಗ್ಲೂ ಬೇಕಾದ್ರೆ ನಾಣ್ಯಕ್ಕೆ ಬದಲಾಯಿಸಿಕೊಡ್ತೀನಿ. ಸ್ವಲ್ಪ ನಷ್ಟ ಆಗುತ್ತೆ."

"ಬೇಡ, ಇದೇ ಇರ್ಲಿ."

"ಹಾಗಾದ್ರೆ ಇನ್ಮೇಲೆ ತಿಕ್ಕಬೇಡಿ. ಕಪ್ಪಾದ್ರೆ ಆಗ್ಲಿ. ನೀವು ತಿಕ್ಕಿದಷ್ಟೂ ಸವೆಯೋದು ಬೆಳ್ಳೀನೇ."

ಬಟ್ಟೆಯಲ್ಲಿ ಸುತ್ತಿಕೊಡುತ್ತ ಆಕೆ ಕೇಳಿದಳು: "ಮನೇಲಿ ಯಾರಿಗೆ ಗೊತ್ತು ಇದು?"

"ನಿಮಗೆ" ಎಂದಳು ಜಿಪ್ಪತ್ತೆ.

ಆ ಚಳಿಗಾಲ ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ಎರಡೂ ಕಣ್ಣಿನ ಪೊರೆಯನ್ನು ಒಂದಾದ ಮೇಲೊಂದು ತೆಗೆದರು. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು, ಕೊಳೆ ನೀರು ಮುಟ್ಟಬಾರದು ಎಂದು ಡಾಕ್ಟರು ಹೇಳಿದಾಗ ಅಣ್ಣ ಪಕ್ಕದಲ್ಲೇ ಇದ್ದ. "ನೀನು ಆರಾಮಾಗಿರು. ನಾವೆಲ್ಲ ಇಲ್ವಾ" ಎಂದ. ಅವರೆಲ್ಲ ಇರುವುದೇ ಈಗ ಅವಳಿಗೆ ಭಯವಾಗಿತ್ತು. ನೆಲ ಒರೆಸಬೇಕಾದರೆ ಬಟ್ಟೆ ಬೇಕು, ಬಟ್ಟೆ ಬೇಕಾದರೆ ಡಬ್ಬಕ್ಕೆ ಕೈ ಹೋಗಬೇಕು. ಕಪ್ಪು ಕನ್ನಡಕ ಹಾಕಿಕೊಂಡು ಯಂತ್ರದ ಪಕ್ಕ ಕೂತು, ಕಿವಿಯನ್ನೆಲ್ಲ ಅಡುಗೆಮನೆಯ ಕಡೆ ಇಟ್ಟಳು. ಸಿಂಕಿನ ಕೆಳಗಿನ ಬಾಗಿಲಿಗೆ ಕಿರ್ ಎನ್ನುವ ಸದ್ದಿತ್ತು. ಅದು ಕೇಳಿಸಿದರೆ ಏನು ಹೇಳಬೇಕೆಂದು ಉತ್ತರ ಕಟ್ಟಿಕೊಂಡಳು.

ಸದ್ದು ಕೇಳಿಸಲಿಲ್ಲ. ಊಟ ಹೋಟೆಲಿನಿಂದ ಬಂತು. ಪಾತ್ರೆಗಳು ಸಿಂಕಿನಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದವು. ಅತ್ತಿಗೆ ಬೇಕಾದ ಲೋಟ ಬೇಕಾದಾಗ ತೊಳೆದುಕೊಂಡರು. ನೆಲದ ಮೇಲೆ ಚೆಲ್ಲಿದ ಹಾಲು ಅಲ್ಲೇ ಒಣಗಿ, ನಡೆದಾಡುವವರ ಕಾಲಿಗೆ ಅಂಟತೊಡಗಿತು. ಕೊಳವೆ ಕಟ್ಟಿಕೊಂಡಿತು.

ಮೀಸೆ ಬಂದ ಹುಡುಗ ಮೂಗು ಮುಚ್ಚಿಕೊಂಡು ಬಂದ. "ಅತ್ತೆ, ಅಡುಗೆಮನೇಲಿ ಏನೋ ವಾಸನೆ. ನಿಮ್ಮ ಕಣ್ಣು ಯಾವಾಗ ಸರಿಹೋಗುತ್ತೆ?"

"ಸಿಂಕಿನ ಕೆಳಗೆ ತಂತಿ ಇದೆಯಪ್ಪಾ" ಎಂದುಬಿಟ್ಟಳು.

"ಅದೆಲ್ಲ ನನಗೆ ಗೊತ್ತಾಗಲ್ಲ ಅತ್ತೆ. ನೀವೇ ಹುಷಾರಾದ್ಮೇಲೆ ನೋಡಿ" ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಡಾಕ್ಟರು ಬಗ್ಗಬಹುದು ಎಂದ ದಿನ ಅವಳು ಮೊದಲು ತೆರೆದದ್ದು ಆ ಬಾಗಿಲನ್ನು. ಹೊಸ ಕಣ್ಣಿಗೆ ಎಲ್ಲವೂ ಅತಿಯಾಗಿ ನಿಚ್ಚಳವಾಗಿತ್ತು: ಡಬ್ಬದ ಮೇಲಿನ ಧೂಳು, ಅಂಚಿನಿಂದ ತಂತಿಯವರೆಗೆ ಜೇಡ ಕಟ್ಟಿದ ಬಲೆ, ಅವಳೇ ಮಡಿಸಿಟ್ಟಿದ್ದ ಬಟ್ಟೆ. ತಳದಲ್ಲಿ ಗಟ್ಟಿ ಹಾಗೇ ಇತ್ತು, ಇದ್ದಿಲಿನ ಹಾಗೆ ಕಪ್ಪಾಗಿ. ಒಬ್ಬರೂ ಮುಟ್ಟಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಇಷ್ಟು ದಿನ ಯಾರಿಂದ ಬಚ್ಚಿಟ್ಟೆ ಎಂದು ಯೋಚಿಸಿದಳು. ಸಂತೋಷಪಡಬೇಕಾದದ್ದು. ಅಳು ಬಂದರೆ ಕಣ್ಣಿಗೆ ಒಳ್ಳೆಯದಲ್ಲವೆಂದು ಎದ್ದುಬಿಟ್ಟಳು.

ಕೊಳವೆ ಬಿಡಿಸಿದಳು, ಪಾತ್ರೆ ತೊಳೆದಳು, ಹಾಲಿನ ಕಲೆ ಕೆರೆದಳು. ಗಟ್ಟಿಯನ್ನು ಮಾತ್ರ ತಿರುಗಿ ಡಬ್ಬಕ್ಕೆ ಹಾಕಲಿಲ್ಲ. ಒಣಬಟ್ಟೆಯಿಂದ ಧೂಳಷ್ಟೇ ಒರೆಸಿ, ಅಚ್ಚೊತ್ತಿದ ಮುಖ ಕೆಳಗೆ ಮಾಡಿ, ಯಂತ್ರದ ಹಲಗೆಯ ಮೇಲೆ, ಕತ್ತರಿಸಿದ ಬಟ್ಟೆ ಕಿಟಕಿಯ ಗಾಳಿಗೆ ಹಾರದಂತೆ ಭಾರಕ್ಕೆ ಇಟ್ಟಳು. ನೋಡಿದವರಿಗೆ ಅದೊಂದು ಕಬ್ಬಿಣದ ತುಂಡು. ನಾಣ್ಯಗಳನ್ನು ಹೀಗೆ ಇಡಲಾಗುತ್ತಿರಲಿಲ್ಲ.

ಸಂಜೆ ಅತ್ತಿಗೆ ಮಗನ ಎರಡು ಪ್ಯಾಂಟು ಹಿಡಿದುಕೊಂಡು ಬಂದರು. ಜಾಗ ಮಾಡಲು ಗಟ್ಟಿಯನ್ನು ಕೈಗೆತ್ತಿಕೊಂಡರು. ಏನಿದು ಎಂದು ಕೇಳಿದರೆ ಹೇಳಿಬಿಡುವಷ್ಟು ಮಾತು ಜಿಪ್ಪತ್ತೆಯ ಬಾಯಿಯೊಳಗಿತ್ತು.

"ಅಬ್ಬಾ, ಏನು ಭಾರ" ಎಂದು ಅತ್ತಿಗೆ ಅದನ್ನು ಕಿಟಕಿಯ ದಂಡೆಯ ಮೇಲಿಟ್ಟರು. "ಇವೆರಡೂ ಜಿಪ್ಪು ಹೋಗಿದೆ ನೋಡು. ಬೆಳಿಗ್ಗೆ ಹೊತ್ತಿಗೆ ಆಗುತ್ತಲ್ವಾ?"

"ಆಗುತ್ತೆ ಅತ್ತಿಗೆ" ಎಂದಳು.

ಅತ್ತಿಗೆ ಒಳಗೆ ಹೋದ ಮೇಲೆ ಗಟ್ಟಿಯನ್ನು ಎತ್ತಿ ಮತ್ತೆ ಬಟ್ಟೆಯ ಮೇಲಿಟ್ಟಳು. ಬೇರೊಬ್ಬರ ಅಂಗೈಯ ಬಿಸಿ ಅದರಲ್ಲಿ ಇನ್ನೂ ಉಳಿದಿತ್ತು. ಅದು ಆರುವವರೆಗೂ ಕೈ ತೆಗೆಯಲಿಲ್ಲ.