ಖಾಲಿ ಸೈಟಿನ ಘಾಟು

ಬ್ಯಾಡಗಿಯಲ್ಲಿ ನಮ್ಮ ಮನೆಗೆ ಹತ್ತಿಕೊಂಡೇ ನಮ್ಮದೊಂದು ಖಾಲಿ ಸೈಟಿದೆ. ಖಾಲಿ ಎನ್ನುವುದು ಕಾಗದದ ಮೇಲೆ ಮಾತ್ರ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಕಾಯಿಯ ತೊಟ್ಟು ಬಿಡಿಸಿ, ತೊಟ್ಟು, ಬೀಜ, ಪುಡಿ ಎಲ್ಲವನ್ನೂ ಸೀದಾ ಅಲ್ಲಿಗೆ ಸುರಿಯುತ್ತಾರೆ. ಮಳೆ ಬಿದ್ದರೆ ಸಾಕು, ಅದರ ಮೇಲೆ ಆಳೆತ್ತರ ಬೆಳೆಯುವ ಹುಲ್ಲು, ಕಸ. ಸುರಿಯುವುದರಲ್ಲಿ ಎಲ್ಲರಿಗಿಂತ ಧಾರಾಳಿ ಸೈಟಿನ ಆಚೆ ಮನೆಯಾಕೆ. ಪುರಸಭೆಗೆ ದೂರು ಕೊಟ್ಟವಳೂ ಅವಳೇ.

ಸೈಟು ಸ್ವಚ್ಛ ಮಾಡಿ, ಇಲ್ಲದಿದ್ದರೆ ನಾವೇ ಮಾಡಿಸಿ ಖರ್ಚನ್ನು ನಿಮ್ಮ ತೆರಿಗೆಗೆ ಸೇರಿಸುತ್ತೇವೆ ಎಂದು ನೋಟಿಸು ಬಂತು. ನನಗೆ ಮೈಯೆಲ್ಲ ಉರಿಯಿತು. ಅದನ್ನು ಹಿಡಿದುಕೊಂಡೇ ಅವಳ ಬಾಗಿಲಿಗೆ ಹೋದೆ.

“ತೊಟ್ಟು ಚೆಲ್ಲೋರು ನೀವು, ನೋಟಿಸು ನಮಗೇನ್ರಿ?”

“ಚೆಲ್ಲೇನಿ, ಇಲ್ಲ ಅನ್ನಂಗಿಲ್ರಿ,” ಅಂದಳು. “ಆದ್ರ ಮೊನ್ನೆ ನಿಮ್ಮ ಕಸದಾಗಿಂದ ಹಾವು ಬಂದು ನಮ್ಮ ಬಚ್ಚಲದಾಗ ಕುಂತಿತ್ತು. ಮಗಳು ಹಡದಾಳ. ರವಿವಾರ ಕೂಸಿನ್ನ ಕರ್ಕೊಂಡು ಬರಾಕತ್ತಾರ. ಬಾಣಂತಿ ಬಚ್ಚಲಕ್ಕ ಹೋಗಬೇಕೋ, ಬ್ಯಾಡೋ?”

ನೋಟಿಸು ಮಡಚಿಕೊಂಡೆ. ಮನೆಗೆ ಬಂದು, ಲಗೂ ಆಳು ಹಚ್ಚಿ ಎಂದು ಯಜಮಾನರ ಬೆನ್ನು ಹತ್ತಿದೆ.

ನಮ್ಮ ಯಜಮಾನರು ಹುಟ್ಟಾ ಬ್ಯಾಡಗಿಯವರು. ಮೆಣಸಿನಕಾಯಿ ಚೀಲಗಳ ನಡುವೆ ಬೆಳೆದು ಅವರ ಮೂಗು ಯಾವತ್ತೋ ಕೆಲಸ ಬಿಟ್ಟಿದೆ.

“ಆಳ್ಯಾಕ? ಕಸ ಒಣಗಿ ನಿಂತೈತಿ. ಒಂದು ಕಡ್ಡಿ ಕೊರದ್ರ ಮುಗೀತು.”

“ಬುಡಕ್ಕ ಬರೇ ತೊಟ್ಟು, ಬೀಜ ಐತ್ರಿ.”

“ತೊಟ್ಟು ಏನ್ ಮಾಡತೈತಿ? ಸುಮ್ನಿರು.”

ಹೇಳಿದ ಮಾತು ಕೇಳಿದ್ದರೆ ಅವರು ನನ್ನ ಗಂಡ ಹೇಗಾಗುತ್ತಿದ್ದರು! ರವಿವಾರ ಬೆಳಿಗ್ಗೆಯೇ ಕಡ್ಡಿ ಕೊರೆದರು. ದೃಷ್ಟಿ ತೆಗೆದ ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಆಗಿಲ್ಲ ಎನ್ನುತ್ತಾರೆ ನಮ್ಮ ಕಡೆ. ಆ ಲೆಕ್ಕದಲ್ಲಿ ನಮ್ಮ ಸೈಟಿಗೆ ಹಾವೇರಿ ಜಿಲ್ಲೆಯಲ್ಲಿ ಒಬ್ಬರ ದೃಷ್ಟಿಯೂ ತಾಗಿರಲಿಲ್ಲ. ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು ಓಣಿಗೆ ಓಣಿಯೇ ಹೊರಗೆ ಓಡಿತು. ಅದೇ ಹೊತ್ತಿಗೆ ಕೂಸಿನ ಕಾರು ಓಣಿಯ ಬಾಯಿಗೆ ಬಂತು, ನಮ್ಮ ಅವತಾರ ನೋಡಿ ಹಾಗೇ ಹಿಂದಕ್ಕೆ ತಿರುಗಿತು, ರಾಣೆಬೆನ್ನೂರಿನಲ್ಲಿ ಕೂಸಿನ ಅಪ್ಪನ ಮನೆ ಸೇರಿತು.

ಆಚೆ ಮನೆಯಾಕೆ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಹೊಗೆ ಹೋದಮೇಲೂ ಅವಳದು ನಿಲ್ಲಲಿಲ್ಲ.

ಆಳು ಬೇಡವೆಂದವರ ಕೈಗೇ ಸಲಿಕೆ ಕೊಟ್ಟೆ. ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಕೆಮ್ಮುತ್ತ, ನನ್ನನ್ನು ಬೈಯುತ್ತ, ಸೈಟು ಪೂರಾ ಬಳಿದು ಟ್ರ್ಯಾಕ್ಟರಿಗೆ ತುಂಬಿದರು. ಅವರ ಮೂಗಿಗೂ ಜೀವ ಬಂದಿತ್ತು.

ಕೊನೆಗೂ ಮರುದಿನ ಕೂಸು ಬಂತು. ಸಂಜೆ ಆಚೆ ಮನೆಯಲ್ಲಿ ದೃಷ್ಟಿ ತೆಗೆದರು. ಆಮೇಲೆ ಆಕೆ ಹೊರಗೆ ಬಂದು, ಸುಟ್ಟ ಮೆಣಸಿನಕಾಯಿಯನ್ನು ಬೂದಿಸಮೇತ ನಮ್ಮ ಸ್ವಚ್ಛ ಸೈಟಿಗೇ ಚೆಲ್ಲಿದಳು. ನಾನು ಸೊಂಟಕ್ಕೆ ಸೆರಗು ಸಿಗಿಸಿ ಬಾಯಿ ತೆರೆದೆ.

“ಈಗ ಮಲಗೇತ್ರಿ ಕೂಸು,” ಅಂದಳು ಮೆಲ್ಲಗೆ.

ತೆರೆದ ಬಾಯಿ ಮುಚ್ಚಿಕೊಂಡು ಕಸಬರಿಗೆ ತರಲು ಒಳಗೆ ಹೋದೆ.