ಮೂರು ಸಲ ಉಂಡ್ ಬಂದ್ವಿ, ಒಂದ್ ಸಲಾನೂ ಕರೀಲಿಲ್ಲ

ಓದುಗರಿಗೆಲ್ಲ ನಮಸ್ಕಾರ. ಶುರು ಮಾಡೋಕೆ ಮುಂಚೇನೇ ತಪ್ಪು ಒಪ್ಕೊಂಡುಬಿಡ್ತೀನಿ. ನಾನು ಒಂದೇ ಬೆರಳಲ್ಲಿ ಟೈಪ್ ಮಾಡೋನು. ಒತ್ತು ಬಿಟ್ಟುಹೋಗಿದ್ರೆ, ದೀರ್ಘ ಎಗರಿಹೋಗಿದ್ರೆ ನೀವೇ ಹಾಕ್ಕೊಂಡು ಓದ್ಕೊಳ್ಳಿ. ಎಸ್ಸೆಸ್ಸೆಲ್ಸಿ ಪಾಸ್ ಮಾಡಿದ್ದೇ ಇಪ್ಪತ್ತಾರನೇ ವಯಸ್ಸಿಗೆ. ಬೆರಳು ಇನ್ನೂ ಸ್ಕೂಲಲ್ಲೇ ಇದೆ.

ಇವತ್ತು ಬೈಸ್ಕೊಂಡ ಕತೆ ಹೇಳ್ತೀನಿ.

ಬೈದೋರು ಶೆಟ್ಟಿಕೆರೆಯ ಗಂಗಮ್ಮ. ಕೂಗಾಡಲಿಲ್ಲ, ಕೆಟ್ಟ ಮಾತಾಡಲಿಲ್ಲ. ಕಾಯಿ ಸುಲೀತಾ ಸುಲೀತಾ ಒಂದು ಪ್ರಶ್ನೆ ಕೇಳಿದ್ರು ಅಷ್ಟೇ. ನಾಲ್ಕು ವರ್ಷದಿಂದ ನಾನು ಮಾಡ್ತಿದ್ದ ಕೆಲಸದ ಮಟ್ಟೆ ಒಂದೇ ಏಟಿಗೆ ಸುಲಿದುಹೋಯ್ತು.

ಏನು ಕೆಲಸ ಅಂತೀರಾ? ತಿಪಟೂರಿನ ಒಂದು ಕಾಲೇಜಲ್ಲಿ ಇದೀನಿ. ಮೊದಲು ನಾರಿನ ಫ್ಯಾಕ್ಟರಿಲಿದ್ದೆ. ಆಮೇಲೆ ಇದೇ ಕಾಲೇಜಿಗೆ ಅಟೆಂಡರ್ ಆಗಿ ಸೇರ್ದೆ. ಕಟ್ಟಿ ಕಟ್ಟಿ ಪರೀಕ್ಷೆ ಪಾಸಾಗಿ ಕ್ಲರ್ಕ್ ಆದೆ. ಈಗ ನನ್ನ ರೂಮಿನ ಬಾಗಿಲ ಮೇಲೆ 'ಇಂಟರ್‌ನ್ಯಾಷನಲ್ ಪಾರ್ಟ್‌ನರ್‌ಶಿಪ್ಸ್ ಅಂಡ್ ಮೊಬಿಲಿಟಿ ಸೆಲ್' ಅಂತ ಬೋರ್ಡಿದೆ. (ಹೋದ ತಿಂಗಳು ಒಬ್ರು ಒಳಗೆ ಬಂದು, "ಸಾರ್, ಡಿಸ್‌ಪ್ಲೇ ಹೋಗೈತೆ, ಹಾಕ್ಕೊಡ್ತೀರಾ?" ಅಂತ ಫೋನ್ ಟೇಬಲ್ ಮೇಲಿಟ್ರು. ಮೊಬಿಲಿಟಿ, ಸೆಲ್ಲು. ಅವರ ತಪ್ಪೇನಿದೆ ಹೇಳಿ?)

ಬೋರ್ಡು ದೊಡ್ಡದು, ಕೆಲಸ ಸರಳ. ಹೊರದೇಶದ ಕಾಲೇಜುಗಳ ಜೊತೆ ಒಂದು ಒಪ್ಪಂದ ಇರುತ್ತೆ. ನಮ್ಮ ಹುಡುಗ್ರು ಆರು ತಿಂಗಳು ಅಲ್ಲಿಗೆ ಹೋಗಿ ಓದ್ತಾರೆ, ಅವರ ಹುಡುಗ್ರು ಇಲ್ಲಿಗೆ ಬಂದು ಓದ್ತಾರೆ. ಯಾರೂ ಯಾರಿಗೂ ಫೀಸು ಕೊಡಂಗಿಲ್ಲ. ಪಾಸ್‌ಪೋರ್ಟು, ವೀಸಾ, ಅಂಕಪಟ್ಟಿ, ಇಮೇಲು ಎಲ್ಲ ನಾನು ನೋಡ್ಕೋಬೇಕು.

ಅಂಥ ಒಂದು ಕಾಲೇಜು ಪೋಲೆಂಡಲ್ಲಿದೆ. ಸುತ್ತ ಸೇಬಿನ ತೋಟವಂತೆ, ನಮಗೆ ತೆಂಗಿದ್ದಂಗೆ. ಮೂರು ವರ್ಷದಲ್ಲಿ ನಮ್ಮಿಂದ ಮೂರು ಜನ ಹೋಗಿ ಬಂದಿದ್ರು. ಮೂವರೂ ಟೌನಿನ ಮಕ್ಕಳು. ಈ ಸಲ ಹೊರಟಿದ್ದು ಗಂಗಮ್ಮನ ಮಗಳು ರೂಪ. ಫುಡ್ ಟೆಕ್ನಾಲಜಿ, ಫೈನಲ್ ಇಯರ್. "ನಮ್ಮಂಥೋರಿಗೆ ಯಾಕೆ ಸಾರ್ ಅದೆಲ್ಲ" ಅಂತಿದ್ದ ಹುಡುಗೀನ ಬೆನ್ನು ಹತ್ತಿ ಅರ್ಜಿ ಹಾಕಿಸಿದೋನು ನಾನು. ಪಾಸ್‌ಪೋರ್ಟ್ ಬಂತು. ಸ್ವೆಟರ್ ತಂದ್ರು. ಬೀದಿಗೆಲ್ಲ ಗೊತ್ತಾಯ್ತು.

ಆಗ ಬಂತು ಇಮೇಲು. ಬಹಳ ಮರ್ಯಾದೆಯಿಂದ ಬರೆದಿದ್ರು. ನೀವು ಕಳಿಸಿದ್ದು ಮೂರು, ನಮ್ಮಿಂದ ಬಂದಿದ್ದು ಸೊನ್ನೆ. ಬ್ಯಾಲೆನ್ಸ್ ಸರಿಹೋಗೋ ತನಕ ಹೊಸಬರನ್ನ ತಗೊಳ್ಳೋಕಾಗಲ್ಲ, ಕ್ಷಮಿಸಿ.

ಮುಂದಿನ ವರ್ಷ ನೋಡೋಣ ಅನ್ನೋಕೆ ರೂಪಂಗೆ ಮುಂದಿನ ವರ್ಷ ಇಲ್ಲ. ಡಿಗ್ರಿ ಮುಗಿದುಹೋಗುತ್ತೆ. ಈಗ ಹೋದ್ರೆ ಉಂಟು.

"ಫೋನ್ ಮಾಡಿ ಹೇಳಿಬಿಡ್ರೀ, ಏನ್ಮಾಡಕ್ಕಾಗುತ್ತೆ" ಅಂದ್ರು ಪ್ರಿನ್ಸಿಪಾಲ್ರು. ಫೋನಲ್ಲಿ ಹೇಳೋ ಮಾತಾ ಇದು? ಭಾನುವಾರ ಶೆಟ್ಟಿಕೆರೆ ಬಸ್ ಹತ್ತಿದೆ.

ಗಂಗಮ್ಮ ಅಂಗಳದಲ್ಲಿ ಕಾಯಿ ಸುಲೀತಿದ್ರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ, ಅದಕ್ಕೆ ಕಾಯಿ ಕುಕ್ಕಿ ತಿರುವಿದ್ರೆ ಮಟ್ಟೆ ಬಿಟ್ಕೊಳ್ಳುತ್ತೆ. ಕೈ ನಿಲ್ಲಿಸದೇನೇ ಮಾತಾಡಿಸಿದ್ರು. "ಬನ್ನಿ ಅಣ್ಣ, ಕುಂತ್ಕಳಿ. ವೀಸಾ ಬಂತಾ?"

ನಾನು ಗಂಟಲು ಸರಿಮಾಡ್ಕೊಂಡು ಶುರು ಮಾಡ್ದೆ. ಎಕ್ಸ್‌ಚೇಂಜು, ಬ್ಯಾಲೆನ್ಸು, ನಾಮಿನೇಷನ್ನು...

"ಅದೆಲ್ಲ ಬುಡಿ. ಕನ್ನಡದಾಗೆ ಹೇಳಿ."

"ನಮ್ಮ ಹುಡುಗ್ರು ಅಲ್ಲಿಗೆ ಹೋಗೋದು, ಅವರ ಹುಡುಗ್ರು ಇಲ್ಲಿಗೆ ಬರೋದು ಕಣಮ್ಮ. ದುಡ್ಡಿನ ಮಾತಿಲ್ಲ. ಆಳಿಗೆ ಆಳು."

"ಮುಯ್ಯಾಳು ಅನ್ನಿ ಮತ್ತೆ!"

(ಪೇಟೆ ಓದುಗರಿಗೆ: ಇವತ್ತು ನಮ್ಮ ಮನೆಯೋರು ನಿಮ್ಮ ಹೊಲದಲ್ಲಿ ಗೇಯೋದು, ನಾಳೆ ನಿಮ್ಮ ಮನೆಯೋರು ನಮ್ಮ ಹೊಲಕ್ಕೆ ಬಂದು ಗೇಯೋದು. ಕೂಲಿ ಇಲ್ಲ. ಅದು ಮುಯ್ಯಾಳು.)

ನನಗೆ ಖುಷಿಯಾಗಿಹೋಯ್ತು. ನಾಲ್ಕು ವರ್ಷ ಪಿಪಿಟಿ ಮಾಡಿದೀನಿ, ಈ ಪದ ಹೊಳೆದಿರಲಿಲ್ಲ. "ಹೂಂ ಕಣಮ್ಮ, ಮುಯ್ಯಾಳೇ. ನಮ್ಮೋರು ಮೂರು ಜನ ಹೋಗವ್ರೆ. ಅವ್ರಿಂದ ಒಬ್ರೂ ಬಂದಿಲ್ಲ. ಅದ್ಕೇ ಈ ಸಲ ರೂಪನ್ನ ಬ್ಯಾಡ ಅಂತವ್ರೆ."

ಗಂಗಮ್ಮನ ಕೈ ನಿಂತ್ಹೋಯ್ತು. ಬಾಗಿಲಲ್ಲಿ ನಿಂತಿದ್ದ ರೂಪ ಮುಖ ಆಕಡೆ ತಿರುಗಿಸ್ಕೊಂಡ್ಲು.

"ಇದ್ಯಾವ ನ್ಯಾಯ ಅಣ್ಣ?" ಅಂದ್ರು ಗಂಗಮ್ಮ. "ನಮ್ಮ ಮೂರಾಳು ಅವ್ರ ಹೊಲಕ್ಕೆ ಹೋಗೈತೆ. ಬಾಕಿ ಇರೋರು ಅವ್ರು. ಜಗಳ ತೆಗೀಬೇಕಾದೋರು ನಾವು! ನೀವೇನು ತಲೆ ತಗ್ಗಿಸ್ಕಂಡು ಕುಂತಿದೀರಲ್ಲ?"

ಲೆಕ್ಕ ಸರಿಯಾಗೇ ಇತ್ತು. ರೂಪಾನೇ ನಿಧಾನಕ್ಕೆ ಹೇಳಿದ್ಲು. "ಅಮ್ಮಾ, ನಾವು ಗೇಯಾಕೆ ಹೋಗಲ್ಲ ಕಣಮ್ಮ. ಕಲಿಯಾಕೆ ಹೋಗಾದು. ಜಾಗ ಕೊಡೋರು, ಕಲ್ಸೋರು ಎಲ್ಲಾ ಅವ್ರೇ."

"ಓ, ಉಣ್ಣಾಕೆ ಹೋಗಾದಾ?" ಗಂಗಮ್ಮ ಮತ್ತೆ ಕಾಯಿ ಎತ್ಕೊಂಡ್ರು. "ಹಂಗಾದ್ರೆ ಅದು ಮುಯ್ಯಾಳಲ್ಲ ಬುಡಿ, ನೆಂಟಸ್ತನ. ಮೂರು ಸಲ ಹೋಗಿ ಉಂಡ್ ಬಂದ್ರಲ್ಲ ಅಣ್ಣ, ಒಂದ್ ಸಲಾನಾದ್ರೂ ಅವ್ರನ್ನ ಕರೆದ್ರಾ?"

ಇಷ್ಟೇ ನೋಡಿ ಬೈಗುಳ.

ಕರೆದಿದ್ನಾ? ಒಪ್ಪಂದದಲ್ಲಿ 'ನೀವೂ ಬರಬಹುದು' ಅಂತಿತ್ತು. ವೆಬ್‌ಸೈಟಲ್ಲಿ ಒಂದು ಪೇಜಿತ್ತು. ನಾನೇ ಮಾಡಿಸಿದ್ದು. ಕಂಪ್ಯೂಟರ್ ಲ್ಯಾಬಿನ ಫೋಟೋ, ವಿಶ್ವದರ್ಜೆಯ ಸೌಲಭ್ಯ ಅನ್ನೋ ಮಾತು, ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ದೂರ ಅನ್ನೋ ವಿವರ. ಬಂದ ತಕ್ಷಣ ವಾಪಸ್ ಹೋಗೋಕೆ ದಾರಿ ಹೇಳ್ದಂಗೆ! ಕಂಪ್ಯೂಟರ್ ಲ್ಯಾಬ್ ನೋಡೋಕೆ ಪೋಲೆಂಡಿಂದ ಯಾರ್ರೀ ತಿಪಟೂರಿಗೆ ಬರ್ತಾರೆ?

ನಿಜ ಹೇಳ್ಬೇಕಂದ್ರೆ ನನಗೆ ನಾಚಿಕೆ ಇತ್ತು. ಒಂದ್ಸಲ ಹೊರದೇಶದ ಇಬ್ರು ಮೇಷ್ಟ್ರು ಕಾಲೇಜಿಗೆ ಬಂದಿದ್ರು. ಊಟ ಆದ್ಮೇಲೆ ಸೀದಾ ಕಾರಲ್ಲಿ ಕೂರಿಸ್ಕೊಂಡು ಹಳೇಬೀಡಿಗೆ ಕರ್ಕೊಂಡೋದೆ. ದಾರೀಲಿ ಕೊಬ್ಬರಿ ಮಾರ್ಕೆಟ್ ಕಡೆ ಕೈ ತೋರಿಸಿ, "ಅದೇನು?" ಅಂತ ಒಬ್ರು ಕೇಳಿದ್ರು. "ಮಾರ್ಕೆಟ್ಟು" ಅಂದೆ. ಕಾರು ನಿಲ್ಲಿಸಲಿಲ್ಲ. ವಾಸನೆ ಬರುತ್ತೆ, ಏನಂದ್ಕೊಂಡಾರೋ ಅಂತ.

ಇದು ನನಗೆ ಹಳೇ ರೋಗ. ಇಂಟರ್‌ವ್ಯೂಗೆ ಹೋದಾಗೆಲ್ಲ, "ಹತ್ತು ವರ್ಷ ಗ್ಯಾಪ್ ಯಾಕೆ?" ಅಂತ ಕೇಳೋರು. "ವೈಯಕ್ತಿಕ ಕಾರಣ" ಅಂತಿದ್ದೆ. ನಾರಿನ ಫ್ಯಾಕ್ಟರಿಲಿ ಹಗ್ಗ ಹೊಸೀತಿದ್ದೆ ಅಂತ ಒಂದು ಸಲಾನೂ ಬಾಯಿ ಬಿಡಲಿಲ್ಲ. ನನ್ನ ಮುಚ್ಚಿಟ್ಕೊಂಡೋನು ಊರನ್ನ ತೋರಿಸ್ತೀನಾ?

"ಏನಂತ ಕರೀಲಮ್ಮ? ನಮ್ತಾವ ಏನೈತೆ?" ಅಂದೆ.

"ಇರೋದು ಹೇಳಿ" ಅಂದ್ರು. ಅಟ್ಟಕ್ಕೆ ಏಣಿ ಹಾಕಿದ್ರು.

ನಮ್ಮ ಕಡೆ ಕೊಬ್ಬರಿ ಹೆಂಗಾಗುತ್ತೆ ಗೊತ್ತಲ್ಲ? ಬಲಿತ ಕಾಯಿ ಮಟ್ಟೆ ಸಮೇತ ಅಟ್ಟ ಸೇರುತ್ತೆ. ಹತ್ತು ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳಾಡುತ್ತೆ. ಬಿಟ್ಟಿದೆಯೋ ಇಲ್ವೋ ಅಂತ ಯಾವ ಮಿಷನ್ನೂ ಹೇಳಲ್ಲ. ಕಿವಿ ಹತ್ರ ಹಿಡಿದು ಅಲ್ಲಾಡಿಸ್ಬೇಕು. ಗಂಗಮ್ಮ ಅಲ್ಲಾಡಿಸಿ, "ಬಿಟ್ಟೈತೆ, ಇಲ್ಲ, ಇಲ್ಲ, ಬಿಟ್ಟೈತೆ" ಅಂತ ಎಸೀತಾ ಹೋದ್ರು. ಆತುರಪಟ್ಟು ಒಡೆದ್ರೆ ಕೊಬ್ಬರಿ ಹೋಳಾಗುತ್ತೆ, ಉಂಡೆ ಸಿಗಲ್ಲ.

"ನಿಮ್ಮಂಗೇ ಕಣಣ್ಣ" ಅಂದ್ರು ನಗ್ತಾ. "ಲೇಟಾಗಿ ಬಿಟ್ಕಂಡಿರೋದು."

(ಬೈದ್ರೋ ಹೊಗಳಿದ್ರೋ ಇವತ್ತಿಗೂ ಗೊತ್ತಾಗಿಲ್ಲ.)

ಅವತ್ತೇ ಏಣಿ ಬುಡದಲ್ಲಿ ಕೂತು ಕಾಗದ ಬರೆದ್ವಿ. ಗಂಗಮ್ಮ ಹೇಳಿದ್ದು, ನಾನು ಜೋಡಿಸಿದ್ದು, ರೂಪ ಫೋನಲ್ಲಿ ಇಂಗ್ಲಿಷಿಗೆ ಇಳಿಸಿದ್ದು. ವಿಶ್ವದರ್ಜೆ ಅನ್ನೋ ಪದ ಇಲ್ಲ. ಅಟ್ಟ ಇದೆ, ಕಿವಿ ಇದೆ, ನಾರು ಇದೆ, ಮಾರ್ಕೆಟ್ಟು ಇದೆ. ಬಂದ್ರೆ ಕಲಿಸ್ತೀವಿ.

ಮಾರನೇ ದಿನ ಪ್ರಿನ್ಸಿಪಾಲ್ರು ಓದಿ ಕನ್ನಡಕ ತೆಗೆದ್ರು. "ಏನ್ರೀ ಇದು, ಕಾಲೇಜಿನ ಇನ್ವಿಟೇಷನ್ನಾ, ಮಂಡಿ ಬೋರ್ಡಾ?" ಆಮೇಲೆ ಇನ್ನೊಂದು ಸಲ ಓದಿದ್ರು. "ಕಿವಿ ವಿಷಯ ಸರಿಯಾಗಿದೆ ಕಣ್ರೀ. ನಮ್ಮಮ್ಮ ಹಂಗೇ ಹೇಳೋರು." ಸೈನ್ ಹಾಕಿದ್ರು. (ಅವರೂ ಇದೇ ತೆಂಗಿನ ಸೀಮೆಯೋರು, ಹಂದನಕೆರೆ. ಅಲ್ಲಿವರೆಗೂ ನಾವಿಬ್ರೂ ಅಟ್ಟದ ಮಾತೇ ಆಡಿರಲಿಲ್ಲ.)

ಒಂಬತ್ತನೇ ದಿನಕ್ಕೆ ಪೋಲೆಂಡಿಂದ ಉತ್ತರ ಬಂತು. ಬರೆದೋಳು ಆ ಕಾಲೇಜಲ್ಲಿ ಓದೋ ಮಾಗ್ದಾ ಅನ್ನೋ ಹುಡುಗಿ. ಅವರಲ್ಲಿ ಸೇಬನ್ನ ತಿಂಗಳಾನುಗಟ್ಟಲೆ ಕೋಲ್ಡ್ ಸ್ಟೋರೇಜಲ್ಲಿಟ್ಟು ಮಿಷನ್ನಲ್ಲಿ ಚೆಕ್ ಮಾಡ್ತಾರಂತೆ. ಇವಳ ಪ್ರಾಜೆಕ್ಟೂ ಅದೇ. ಕರೆಂಟೇ ಇಲ್ದೆ ಹನ್ನೊಂದು ತಿಂಗಳು ಹೆಂಗೆ ಇಡ್ತೀರಿ, ಕಿವಿ ಹೆಂಗೆ ಕಂಡುಹಿಡಿಯುತ್ತೆ, ನಾನು ಬಂದು ನೋಡ್ಬಹುದಾ ಅಂತ ಬರೆದಿದ್ಲು. ಎರಡು ದಿನ ಬಿಟ್ಟು ಅವರ ಆಫೀಸಿಂದ ಇನ್ನೊಂದು ಮೇಲು. ನಮ್ಮಿಂದ ಒಬ್ಬರು ಬರ್ತಿದಾರೆ, ನಿಮ್ಮ ರೂಪಂಗೆ ಸೀಟು ಕೊಡ್ತೀವಿ. ಆದ್ರೆ ನಮ್ಮ ಹುಡುಗಿ ಎಲ್ಲಿರ್ತಾಳೆ, ಅದಕ್ಕೊಂದು ಪತ್ರ ಬೇಕು.

ಹಾಸ್ಟೆಲ್ ಫುಲ್ಲು. ಪಿಜಿ ನೋಡಿದೆ, ಯಾಕೋ ಮನಸ್ಸು ಒಪ್ಪಲಿಲ್ಲ. ವಿಷಯ ತಿಳಿದು ಗಂಗಮ್ಮನೇ ಫೋನ್ ಮಾಡಿದ್ರು. "ನನ್ ಮಗಳು ಯಾರ್ದೋ ಊರಲ್ಲಿ ಉಣ್ತಾಳೆ. ಅವ್ರ ಮಗಳು ನಮ್ಮನೇಲಿ ಉಣ್ಲಿ. ಬರ್ಕಳಿ ನಮ್ ಅಡ್ರೆಸ್ಸು." ಹುಳಿಯಾರಲ್ಲಿ ಟೆಂಪೋ ಓಡಿಸೋ ಅವರ ಯಜಮಾನ್ರೂ ಹೂಂ ಅಂದ್ರು. ಹೊರದೇಶದೋರು ಮನೇಲಿದ್ರೆ ಪೊಲೀಸ್ ಕಡೆ ಕೊಡಬೇಕಾದ ಕಾಗದ ಎಲ್ಲ ನಾನು ಮಾಡಿಸ್ದೆ.

ಮಾಗ್ದಾ ಬಂದು ಹದಿನೈದು ದಿನ ಆಯ್ತು. ಶೆಟ್ಟಿಕೆರೇಲಿ ಅವಳ ಹೆಸರು ಈಗ ಮುಗ್ಧಾ. "ಮುದ್ದೆ ನುಂಗಾಕೆ ಬರಲ್ಲ, ಅಗೀತಾಳೆ ಪಾಪ" ಅಂತ ಗಂಗಮ್ಮನ ವರದಿ. ಬರೋ ಗುರುವಾರ ರೂಪ ಹೊರಡ್ತಾಳೆ.

ಹೋದ ಭಾನುವಾರ ರೂಪನ ವೀಸಾ ಕಾಗದ ಕೊಡೋಕೆ ಹೋಗಿದ್ದೆ. ಇಬ್ರೂ ಹುಡುಗೀರು ಅಟ್ಟದ ಮೇಲಿದ್ರು. ಗಂಗಮ್ಮ ಒಂದು ಕಾಯಿ ಕೊಟ್ರು. ಮಾಗ್ದಾ ಕಣ್ಮುಚ್ಚಿ ಕಿವಿ ಹತ್ರ ಅಲ್ಲಾಡಿಸಿದ್ಲು. "ಇಲ್ಲ" ಅಂದ್ಲು, ಕನ್ನಡದಲ್ಲೇ. ಗಂಗಮ್ಮನೂ ಅಲ್ಲಾಡಿಸಿ ನೋಡಿ ಅವಳ ಬೆನ್ನು ತಟ್ಟಿದ್ರು.

"ಈಗ ನೀವು ಹೇಳಿ" ಅಂತ ನನ್ನ ಕೈಗೊಂದು ಕೊಟ್ರು.

ಅಲ್ಲಾಡಿಸ್ದೆ. ಗಂಭೀರವಾಗಿ, "ಬಿಟ್ಟೈತೆ" ಅಂದೆ. ಸುಲಿದು ಒಡೆದ್ರು. ಕೊಬ್ಬರಿ ಚಿಪ್ಪಿಗೆ ಕಚ್ಕೊಂಡು ಹೋಳಾಯ್ತು.

"ಅಯ್ಯೋ, ಇದೇ ಸೀಮೇಲಿ ಹುಟ್ಟಿದೋರು ಕಣಣ್ಣ ನೀವು!" ಅಂದ್ರು ಗಂಗಮ್ಮ. ರೂಪ ನಕ್ಕಳು. ಪೋಲೆಂಡಿನೋಳೂ ನಕ್ಕಳು. ನಾನೂ ನಕ್ಕೆ.

ನಗು ಮುಗಿದ ಮೇಲೆ ಗಂಗಮ್ಮ ಕೈ ಒರೆಸ್ಕೊಂಡು ಕೇಳಿದ್ರು. "ಅಲ್ಲಾ ಅಣ್ಣ, ಇವ್ಳಿಗೆ ನಾವು ಕಿವಿ ಕಲ್ಸಿದ್ವಿ. ನಮ್ ರೂಪಂಗೆ ಅವ್ರೇನು ಕಲಿಸ್ತಾರೆ, ಕೇಳ್ಕಂಡಿದೀರಾ?"

ಎಷ್ಟು ಕ್ರೆಡಿಟ್ಟು ಅಂತ ಗೊತ್ತಿತ್ತು. ಸೆಮಿಸ್ಟರ್ ಯಾವತ್ತು ಶುರು ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಮ್ಮೋರನ್ನ ಸೇರಿಸ್ಕೊಳ್ತಾರಾ ಅನ್ನೋ ಭಯದಲ್ಲೇ ನಾಲ್ಕು ವರ್ಷ ಕಳೆದೋನು ನಾನು, ಏನು ಕಲಿಸ್ತೀರಿ ಅಂತ ಒಂದು ಸಲಾನೂ ಕೇಳಿಲ್ಲ. ಸೋಮವಾರ ಬೆಳಿಗ್ಗೆ ಒಂದೇ ಬೆರಳಲ್ಲಿ ಕೇಳಿ ಮೇಲ್ ಹಾಕಿದೀನಿ.

ನಿಮಗೂ ಹಿಂಗೆ ಆಗಿದ್ಯಾ? ದೂರದೋರು ಬಂದು ನಿಮ್ಮ ಮನೇಲಿ, ನಿಮ್ಮ ಕಸುಬಲ್ಲಿ ಏನಾದ್ರೂ ಕಲಿತು ಹೋದ್ರಾ? ಇಲ್ಲಾ ನನ್ನಂಗೆ ನಾಚ್ಕೊಂಡು ಕಾರು ನಿಲ್ಲಿಸದೇ ಹೋದ್ರಾ? ಬರೆದು ಕಳಿಸಿ. ಕಾಗುಣಿತ ತಪ್ಪಿದ್ರೆ ನಾನು ಹಾಕ್ಕೊಂಡು ಓದ್ತೀನಿ.

ಹೇಳಿ, ನಿಮ್ಮ ಅಟ್ಟದ ಮೇಲೆ ಏನಿದೆ?