ಬಾಗಿಲ ಕಡೆಯ ನೋಟ

ಮೊನ್ನೆ ಹಳೆಯ ಕಟ್ಟಿಗೆ ಪೆಟ್ಟಿಗೆ ತೆಗೆದಾಗ ಮೂಲೆಯಲ್ಲಿ ಅರ್ಧ ಸವೆದ ವಿಭೂತಿ ಗಟ್ಟಿ ಸಿಕ್ಕಿತು. ಮೂಗಿಗೆ ಹಿಡಿದೆ. ಆ ತಣ್ಣನೆಯ ಒಣ ವಾಸನೆ... ಕೌಲ್ ಬಜಾರಿನ ನಮ್ಮ ನಡುಮನೆಯಲ್ಲಿ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕೂತ ಅತ್ತೆ ಕಣ್ಣ ಮುಂದೆ ಬಂದರು.

ಅವರು ಕುರುಗೋಡಿನವರು. ಪೂಜೆಗೆ ಕೂತರೆ ರೆಪ್ಪೆ ಮಿಟುಕಿಸದೆ ಲಿಂಗವನ್ನೇ ದಿಟ್ಟಿಸುವವರು. ಎಂಬತ್ತರ ದಶಕದಲ್ಲಿ ಒಂದು ಮುಂಜಾನೆ ಆ ಲಿಂಗ ಕಾಣಲಿಲ್ಲವಂತೆ. ಬೆರಳುಗಳು ಕಾಣುತ್ತಿದ್ದವು, ಅಂಗೈ ನಡುವೆ ಮಾತ್ರ ಮಸಿ ಮೆತ್ತಿದ ಹಾಗೆ. ಶಿವ ಮುನಿದನೆಂದು ಸೋಮವಾರದ ಉಪವಾಸ ಹಿಡಿದರೇ ಹೊರತು ಡಾಕ್ಟರ ಬಳಿ ಹೋಗಲಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಎದುರುಮನೆಯಾಕೆಯ ಮುಂದೆ. ಒಂದೇ ಸೂರಿನಡಿ ಇದ್ದ ನನ್ನ ಮುಂದಲ್ಲ.

ಸಿರುಗುಪ್ಪದಿಂದ ಬಂದಾಕೆ ಅವಳು. ದೊಡ್ಡ ದನಿ, ಕೈತುಂಬ ಹಸಿರು ಬಳೆ, ನೀರು ಕುಡಿದಷ್ಟು ಸಲೀಸಾದ ತೆಲುಗು. ಅವಳು ಹೊಸಿಲು ದಾಟಿದರೆ ಅತ್ತೆಯ ಮುಖ ಅರಳುತ್ತಿತ್ತು. ನನಗೇಕೆ ಹೇಳಲಿಲ್ಲವೆಂದು ಕೇಳಿದೆ. "ನೀ ಇಂಗ್ಲಿಷ್ ಸಾಲಿ ಕಲ್ತಾಕಿ, ನಗ್ತಿ ಅಂದ್ಕೊಂಡೆವ್ವಾ" ಎಂದರು.

ಮದ್ರಾಸಿನ ಕಣ್ಣಾಸ್ಪತ್ರೆಗೆ ನನ್ನವರ ಸಂಗಡ ಅವಳೇ ಹೋದಳು. ಅತ್ತೆಗೆ ಅವಳೇ ಬೇಕಿತ್ತು. ತಿರುಗಿ ಬಂದ ಮೇಲೆ ಕತೆ ಹೇಳುವ ಸುಖವೂ ಅವಳದೇ. ತೋಳಿನ ನರಕ್ಕೆ ಹಳದಿ ಔಷಧ ಏರಿಸಿ ಕಣ್ಣೊಳಗಿನ ಫೋಟೋ ತೆಗೆದರಂತೆ. ರಕ್ತ ಸೋರುವ ಜಾಗ ಅದರಲ್ಲಿ ಬೆಳ್ಳಗೆ ಹೊಳೆಯಿತಂತೆ.

"ಮೈಯೆಲ್ಲ ಹಳದಿ ಆಗಿ, ಅರಿಷಿಣ ಹಚ್ಚಿದ ಮದಲಗಿತ್ತಿ ಕಂಡಂಗ ಕಂಡ್ರು ನಿಮ್ಮತ್ತಿ" ಎಂದು ಅವಳು ನಕ್ಕರೆ ಅತ್ತೆಯೂ ನಕ್ಕರು.

ಎಡಗಣ್ಣು ಆಗಲೇ ಕೈಮೀರಿತ್ತು. ಬಲಗಣ್ಣಿನ ಸೋರಿಕೆಯನ್ನು ಆ ಫೋಟೋ ನೋಡಿಕೊಂಡೇ ಲೇಸರ್ ಬೆಳಕಿನಿಂದ ಸುಟ್ಟಿದ್ದರು. ಸುಟ್ಟಲ್ಲಿ ಕಲೆ ಇರುತ್ತದೆ, ಹೋದದ್ದು ಬಾರದು, ಉಳಿದದ್ದು ಉಳಿದೀತು ಎಂದಿದ್ದರಂತೆ ಡಾಕ್ಟರು. ಪೂಜೆಗೆ ಕೂತಂತೆ ಅಲುಗಾಡದೆ ಕೂತಿದ್ದರಂತೆ ಅತ್ತೆ.

ಆಮೇಲಿನ ದಿನಗಳೇ ನನಗೆ ಕಷ್ಟವಾದವು. ಎದುರುಮನೆಯಾಕೆ ಬಂದರೆ ಅತ್ತೆ ಅವಳತ್ತ ನೆಟ್ಟಗೆ ಮುಖ ಮಾಡಿ ಮಾತಾಡುವರು. ನಾನು ಕಾಫಿ ಕೊಟ್ಟರೆ ಮಾತ್ರ ದೃಷ್ಟಿ ಬಾಗಿಲ ಕಡೆ ಸರಿಯುತ್ತಿತ್ತು. ದಿನವೂ ಹಾಗೆಯೇ... ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ.

"ಅತ್ತಿ, ನನ್ನ ಮಾರಿ ನೋಡಾಕೂ ಬ್ಯಾಸರೇನ್ರಿ?"

ಅತ್ತೆ ಲೋಟ ಕೆಳಗಿಟ್ಟರು. "ಹುಚ್ಚಿ, ನೆಟ್ಟಗ ನೋಡಿದ್ರ ನಿನ್ನ ಮಾರಿಗೆ ಕಣ್ಣಾಗಿನ ಸುಟ್ಟ ಕಲಿ ಅಡ್ಡ ಬರ್ತೈತಿ. ಬಾಗ್ಲಾ ನೋಡಿದ್ರನ ಕಣ್ಣಂಚಿನಾಗ ನೀ ಕಾಣ್ತಿ."

ಹಾಗಾದರೆ ಎದುರುಮನೆಯಾಕೆ?

"ಆಕಿ ದನಿ ಕೇಳಿದ್ರ ಸಾಕಲ್ಲ, ಮಾರಿ ಯಾಕ ಬೇಕು?"

ಮರುದಿನ ಮುಂಜಾನೆ ಕಂಬದ ಮರೆಯಿಂದ ನೋಡಿದೆ. ಅಂಗೈಯಲ್ಲಿ ಲಿಂಗ, ಕಣ್ಣು ಬಾಗಿಲ ಕಡೆ. ನನಗೆ ಕಾಫಿ ಹೊತ್ತಿಗೆ ಸಿಗುತ್ತಿದ್ದ ಅದೇ ನೋಟ.

ಅತ್ತೆ ಹೋಗಿ ಬಹಳ ವರ್ಷವಾಯಿತು. ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯಿತು, ವಿಭೂತಿ ನನಗೆ ಉಳಿಯಿತು. ಅಂದು ಎದುರುಮನೆಯಾಕೆ ಅಳುತ್ತ, "ನನ್ನ ಕಣ್ಣಾಗ ಕಣ್ಣಿಟ್ಟು ನೋಡ್ತಿದ್ರು, ನೋಡ್ವಾ" ಎಂದಿದ್ದಳು. ನಾನು ಹೌದೆಂದು ತಲೆಯಾಡಿಸಿದೆ, ನಿಜವನ್ನು ಬಿಟ್ಟುಕೊಡಲಿಲ್ಲ. ಈಗ ಅವಳೂ ಇಲ್ಲ.

ಕಾಫಿ ಲೋಟ ಹಿಡಿದು ಒಬ್ಬಳೇ ಕೂತಾಗ ಬಾಗಿಲ ಪಕ್ಕಕ್ಕೇ ಕೂರುತ್ತೇನೆ. ಬಾಗಿಲ ಕಡೆ ಕಣ್ಣಿಟ್ಟು ನನ್ನನ್ನು ನೋಡುವವರು ಮಾತ್ರ ಈಗ ಇಲ್ಲ.